ನಾನು ಓದಿ ಮೆಚ್ಚಿದ್ದು

ಇದನ್ನು ಯಾರೂ ನಂಬಲಿಕ್ಕಿಲ್ಲ, ಆದರೂ ನಡೆದ ಹಾಗೆಯೇ ಬರೆಯುತ್ತಿದ್ದೇನೆ. ಕೊಲ್ಲಿ ದೇಶದ ಅಲ್ ಮುಂತಜಾ ಬಡಾವಣೆಯ ಪುಸ್ತಕದಂಗಡಿಯಲ್ಲಿ ನನಗೆ ಕೆಲಸ. ಗಿರಾಕಿಗಳೆದುರು ನಾಲಿಗೆ ಹೊರಳದು. ಮೆಚ್ಚಿದ ಪುಸ್ತಕಗಳ ಬಗ್ಗೆ ನಾಲ್ಕು ಸಾಲಿನ ಚೀಟಿ ಬರೆದು ಅಂಟಿಸುತ್ತೇನೆ, ಅಷ್ಟೇ. "ಈ ತಿಂಗಳೊಳಗೆ ಬಾಯಿ ಬಿಡದಿದ್ರೆ ಖಲಾಸ್, ಮತ್ತೆ ಊರೇ ಗತಿ," ಎಂದಿದ್ದರು ಮಾಲೀಕ ಸಿರಿಲ್.

ಮಂಗಳವಾರವಿಡೀ ಜ್ವರ ಬಂದು, ಫೋನೂ ಮಾಡಲಾಗದೆ ಊರಾಚೆ ವುಕೈರ್‌ನಲ್ಲಿರುವ ನನ್ನ ಬಾಡಿಗೆ ಕೋಣೆಯಲ್ಲಿ ಮಲಗಿದ್ದೆ. ಬುಧವಾರ ಬೆಳಿಗ್ಗೆ ಅಂಗಡಿಗೆ ಹೋದರೆ, ಎಸಿಯ ಆ ಚಳಿಯಲ್ಲೂ ನನ್ನ ಸ್ಟೂಲು ಬೆಚ್ಚಗಿತ್ತು. ನಾನು ಓದಿಯೇ ಇರದ ಕಾದಂಬರಿಯ ಮೇಲೆ ನನ್ನ ಕೈಬರಹದ ಚೀಟಿ. ಮುಟ್ಟಿದರೆ ಶಾಯಿ ಬೆರಳಿಗೆ ಹತ್ತಿತು.

ಹೊತ್ತೇರಿದ ಮೇಲೆ ಬಂದ ಕಾಯಂ ಗಿರಾಕಿ, ಮೈಸೂರಿನ ಕಾಂತಾಮಣಿ ಆಂಟಿ, "ನಿನ್ನೆ ಅರ್ಧ ಗಂಟೆ ಮಾತಾಡಿ ನನ್ನನ್ನ ಬಿಡಲೇ ಇಲ್ವಲ್ಲಮ್ಮಾ ನೀನು! ನೀನು ಹೇಳಿದ ಆ ಪುಸ್ತಕ ಮುಗಿಸೋವರೆಗೂ ನಿದ್ದೆ ಬರಲಿಲ್ಲ," ಎಂದು ನಕ್ಕರು.

ನಾನು ನಿನ್ನೆ ಬಂದೇ ಇರಲಿಲ್ಲ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಸಿರಿಲ್, "ದಿನಾ ನಿನ್ನೆಯ ಹಾಗೇ ಇರು ಮಾರಾಯ್ತಿ, ನಿನ್ನ ಕೆಲಸ ಎಲ್ಲಿಗೂ ಹೋಗುದಿಲ್ಲ," ಎಂದರು. ಆ ಚೀಟಿಯನ್ನು ಕೀಳದೆ ಹಾಗೇ ಬಿಟ್ಟೆ.

ಸಂಜೆ ಕೋಣೆಗೆ ಬಂದು ದಿಂಬಿನಡಿಯ ಡೈರಿ ತೆರೆದೆ. ಮಂಗಳವಾರದ ಪುಟದಲ್ಲಿ ನನ್ನದೇ ಅಕ್ಷರ: "ಇವತ್ತು ಮಾತು ಬಂತು. ನಾಳೆ ಅವಳು ಎದ್ದು ಬಂದರೆ ನಾನೆಲ್ಲಿಗೆ ಹೋಗಲಿ?"