ಧೈರ್ಯ ಕೊಡುವ ಮುಖ

"ಕಟ್ಟಿಗಿಗೆ ವರದಿ ಒಪ್ಪಸಾಕತ್ತೀರೇನು?"

ಬೆನ್ನ ಹಿಂದಿನಿಂದ ಬಂದ ದನಿಗೆ ಉಳವಪ್ಪನ ಜೀವ ಬಾಯಿಗೆ ಬಂತು. ಹಳಿಯಾಳದ ಕಟ್ಟಿಗೆ ಅಡ್ಡೆಯ ಗುಮಾಸ್ತ ಅವನು. ಸಾಗವಾನಿ ದಿಮ್ಮಿಗಳ ಎದುರು ಕೈಕಟ್ಟಿ ನಿಂತು ಒಬ್ಬನೇ ಮಾತಾಡುತ್ತಿದ್ದ.

ತಿರುಗಿ ನೋಡಿದರೆ ಸಾವಕಾರ ಚನಬಸಪ್ಪನ ಮಗಳು ಕಾಶೆವ್ವ... ಅಪ್ಪನ ದೊಡ್ಡ ಕಣ್ಣುಗಳನ್ನೇ ಪಡೆದು ಹುಟ್ಟಿದ ಹುಡುಗಿ. ಬುತ್ತಿ ತಂದವಳು ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

ಯುದ್ಧದ ಕಾಲ ಅದು. ಅಡ್ಡೆಗೆ ಚನಬಸಪ್ಪನೂ ಸೇರಿ ನಾಲ್ಕು ಮಂದಿ ಪಾಲುದಾರರು. ದೀಪಾವಳಿಯ ಅಂಗಡಿ ಪೂಜೆ ಮುಗಿದ ಮೇಲೆ ಗುಮಾಸ್ತನಾದವನು ಅವರೆದುರು ಎದ್ದು ನಿಂತು, ಕೈಯಲ್ಲಿ ಕಾಗದವಿಲ್ಲದೆ, ವರ್ಷದ ವ್ಯವಹಾರವನ್ನೆಲ್ಲ ಬಾಯಲ್ಲೇ ಒಪ್ಪಿಸಬೇಕು.

ಈ ಸಲದ್ದು ಕೆಟ್ಟ ಸುದ್ದಿ. ದಾಂಡೇಲಿಯಲ್ಲಿ ಕಾಳಿ ನದಿಯ ದಂಡೆಗೆ ಪೇರಿಸಿಟ್ಟ ಮಾಲನ್ನು ಮಳೆಗಾಲದ ಹೊಳೆ ಒಯ್ದಿತ್ತು. ಅಲ್ಲಿ ಇಡೋಣವೆಂದು ನಾಲ್ವರೂ ಕೂಡಿಯೇ ಹೇಳಿದ್ದರು.

ನಾಲ್ಕು ಜನರ ಎದುರು ನಿಂತರೆ ಉಳವಪ್ಪ ತಡವರಿಸುತ್ತಿದ್ದ. ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದ ಕಾಶೆವ್ವ ಶಾಲೆಯಲ್ಲಿ ಭಾಷಣಕ್ಕೆ ಬಹುಮಾನ ಗೆದ್ದವಳು. ಬುತ್ತಿ ತಂದಾಗಲೆಲ್ಲ ಕಲಿಸಿದಳು. ಕೆಟ್ಟ ಸುದ್ದಿಯನ್ನು ಮೊದಲೇ ಹೇಳಿಬಿಡಬೇಕು, ಸುತ್ತಿ ಬಳಸಬಾರದು, ಹೆಸರು ಹಿಡಿದು ಯಾರನ್ನೂ ದೂರಬಾರದು...

"ಮಂದಿನ್ನ ನೋಡಬ್ಯಾಡ್ರಿ. ನಿಮಗ ಧೈರ್ಯ ಕೊಡೂವಂಥ ಒಂದ ಮುಖ ಹುಡುಕ್ರಿ. ಎಲ್ಲಾ ಅದಕ್ಕ ಹೇಳ್ರಿ. ಉಳದವರು ಕೇಳಿಸಿಕೋತಾರ."

ಅವನು ಅವಳ ಮುಖವನ್ನೇ ನೋಡಿದ. ಅವಳು ನೆಲ ನೋಡಿದಳು. ಮಾತು ಕಲಿಸುವ ನೆವದಲ್ಲಿ ಮನಸ್ಸು ಕೊಟ್ಟು ಕೂತಿದ್ದಳು, ಹುಚ್ಚಿ! ಸಭೆ ಮುಗಿಯಲಿ, ಸಾವಕಾರರ ಹತ್ತಿರ ಹೆಣ್ಣು ಕೇಳುತ್ತೇನೆ ಎಂದು ಅವನೂ ಹೇಳಿದ್ದ.

ಸಭೆಯಲ್ಲಿ ಉಳವಪ್ಪ ತಡವರಿಸಲಿಲ್ಲ. ಮಾಲು ಹೊಳೆ ದಂಡೆಗೆ ಇಟ್ಟದ್ದೇ ತಪ್ಪಾಯಿತು ಎಂದು ಮೊದಲ ಮಾತಿಗೇ ಹೇಳಿದ. ಯಾರ ಹೆಸರನ್ನೂ ಎತ್ತಲಿಲ್ಲ. ಆದರೆ ಮೊದಲಿನಿಂದ ಕೊನೆಯವರೆಗೆ ಚನಬಸಪ್ಪನ ಮುಖವೊಂದನ್ನೇ ನೋಡುತ್ತ ಹೇಳಿದ.

ಉಳಿದ ಮೂವರಿಗೆ ಅಷ್ಟೇ ಸಾಕಿತ್ತು. ತಪ್ಪು ಯಾರದೆಂದು ಗುಮಾಸ್ತನೇ ತೋರಿಸಿದನಲ್ಲ ಎಂದು ಅವರಲ್ಲೊಬ್ಬನಾದ ಅಂದಾನೆಪ್ಪ ಶುರುಮಾಡಿದ. ತಾವೂ ಹೂಂ ಅಂದಿದ್ದನ್ನು ಮೂವರೂ ನುಂಗಿ ನೀರು ಕುಡಿದರು. ಇವರೊಬ್ಬರ ಮೇಲೆ ಹೇಳಿದ್ದಲ್ಲ ಎಂದು ಉಳವಪ್ಪ ಬಡಕೊಂಡ. ಹಾಗಾದರೆ ಇವರನ್ನೇ ಯಾಕೆ ನೋಡಿದೆ ಎಂದು ಕೇಳಿದರು. ಅವನು ತುಟಿ ಕಚ್ಚಿ ನಿಂತುಬಿಟ್ಟ.

ಚನಬಸಪ್ಪನನ್ನು ಪಾಲಿನಿಂದ ಹೊರಗೆ ಹಾಕಿದರು. ಅಂದಿನಿಂದ ಅವನು ಪೇಟೆಯ ಕಡೆ ತಲೆ ಹಾಕಲಿಲ್ಲ. ಪಡಸಾಲೆಯ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ.

ಕಾಶೆವ್ವನಿಗೆ ಅನ್ನ ಸೇರಲಿಲ್ಲ. ನಾನು ಕಲಿಸಿದ ಮಾತಿನಿಂದಲೇ ನನ್ನಪ್ಪನ ಮಾನ ಕಳೆದನಲ್ಲ...

ಉಳವಪ್ಪ ಕೆಲಸ ಬಿಟ್ಟು ದಾಂಡೇಲಿ ಸೇರಿದ. ಅಲ್ಲಿಂದ ಎಷ್ಟೋ ಸಲ ಬಂದು ಕದ ಬಡಿದ. ಅವಳು ತೆರೆಯಲಿಲ್ಲ. ಮರುವರ್ಷದ ದೀಪಾವಳಿಗೆ ಮತ್ತೆ ಬಂದಾಗ, ಕೇಳದೆ ಇರಲಾರೆ ಅನ್ನಿಸಿ ಕದ ತೆರೆದಳು.

"ನಾಕು ಮುಖ ಇದ್ದುವು. ನಮ್ಮಪ್ಪಂದ ಯಾಕ ಆರಿಸಿಕೊಂಡ್ರಿ?"

ಅವನು ಹೊಸ್ತಿಲಾಚೆಯೇ ನಿಂತು ಹೇಳಿದ.

"ನನಗ ಧೈರ್ಯ ಕೊಡೂ ಮುಖ ನಿಮ್ಮದೊಂದ ರೀ. ಹೆಣ್ಮಕ್ಕಳು ಆ ಸಭಾಕ್ಕ ಬರಂಗಿಲ್ಲ. ಅಷ್ಟು ಮಂದ್ಯಾಗ ನಿಮ್ಮ ಕಣ್ಣು ಇದ್ದದ್ದು ಸಾವಕಾರ್ರ ಮುಖದಾಗ ಅಷ್ಟ."

ಕಾಶೆವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಇದನ್ನ ಅವತ್ತ ಹೇಳಬೇಕಿತ್ತಲ್ಲ..."

"ಹೆಂಗ ಹೇಳ್ಲಿ? ಆ ಗಂಡಸರ ನಡುವ ನಿಮ್ಮ ಹೆಸರು ತಗೀಬೇಕಾಗ್ತಿತ್ತು."

ಪಡಸಾಲೆಯಲ್ಲಿ ಮಂಚ ಕಿರ್ರೆಂದಿತು. ಚನಬಸಪ್ಪ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಗೋಡೆಯ ಕಡೆ ಇದ್ದ ಮುಖ ತಿರುಗಿಸದೆಯೇ ಮಾತಾಡಿದ.

"ಮಗಳ ಮಾನ ಉಳಿಸಿದಿ. ನಂದು ಕಳದಿ. ಎರಡೂ ಖರೇನ. ಲಗ್ನಾ ಮಾಡಿಕೊಡ್ತೇನಿ. ಆದ್ರ ಇನ್ನ ಮ್ಯಾಲೆ ನನ್ನ ಮುಖಾ ನೋಡಿ ಮಾತಾಡಬ್ಯಾಡ. ನನ್ನ ಕೈಲೆ ತಡಕೊಳ್ಳಾಕ ಆಗೂದಿಲ್ಲ."

ಮದುವೆಯಾಯಿತು. ಪೇಟೆಯ ಒಬ್ಬ ಸಾವಕಾರನೂ ಅಕ್ಷತೆಗೆ ಬರಲಿಲ್ಲ. ಮಾವನ ಕಾಲಿಗೆ ಬೀಳುವಾಗಲೂ ಉಳವಪ್ಪ ತಲೆ ಎತ್ತಲಿಲ್ಲ.

ದಾಂಡೇಲಿಗೆ ಹೊರಟ ಚಕ್ಕಡಿಯಲ್ಲಿ ಗಂಡ ದಾರಿಯುದ್ದಕ್ಕೂ ಎತ್ತುಗಳನ್ನೇ ನೋಡುತ್ತ ಕುಳಿತಿದ್ದ. ಕಾಶೆವ್ವ ಕಾದಳು, ಕಾದಳು... ಕಡೆಗೆ ತಾನೇ ಕೇಳಿದಳು.

"ನನ್ನ ಯಾಕ ನೋಡವಲ್ರಿ?"

"ನೋಡಿದ್ರ ನಿಮ್ಮಪ್ಪನ ಕಣ್ಣು ಕಾಣ್ತಾವ, ಕಾಶೀ."

ಅವಳು ಅವನ ಗಲ್ಲ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಳು. ಆ ದೊಡ್ಡ ಕಣ್ಣುಗಳು ತುಂಬಿದ್ದವು.

"ಕಾಣಲಿ. ನನಗೂ ಕನ್ನಡ್ಯಾಗ ಅವ ಕಾಣ್ತಾವ. ನೋಡ್ರಿ... ನೋಡಿ ಮಾತಾಡ್ರಿ."