ರೆಪ್ಪೆ ತೆರೆಯುವ ವಾಚು

ನನ್ನ ಕತ್ತಿನ ಮೇಲೆ ಒಂದು ಮೊಣಕೈ ಕೂತಿತ್ತು.

ಅಂಥಿಂಥ ಮೊಣಕೈ ಅಲ್ಲ... ಆ ಆಸಾಮಿಯ ತೋಳೇ ನನ್ನ ತೊಡೆಯಷ್ಟಿತ್ತು! ಸಾಮಾನು ಸಾಗಿಸುವ ಲಿಫ್ಟು. ಸುತ್ತ ಕಬ್ಬಿಣದ ಗೋಡೆ. ಎರಡು ಮಹಡಿಗಳ ನಡುವೆ ಅವನೇ ಬಟನ್ ಒತ್ತಿ ನಿಲ್ಲಿಸಿದ್ದ. ನನ್ನ ಬೂಟಿನ ತುದಿ ಮಾತ್ರ ನೆಲಕ್ಕೆ ತಾಗುತ್ತಿತ್ತು.

ಹೆಸರು ಕೇಳುವಷ್ಟು ಪುರುಸೊತ್ತು ಇರಲಿಲ್ಲ. ಕಂಬ ಅಂತ ನಾನೇ ಇಟ್ಟುಕೊಂಡೆ.

"ಸುಮ್ನೆ ನಿಂತ್ಕೋ," ಅಂದ ಕಂಬ. "ಹನ್ನೊಂದು ಹೊಡೀಲಿ, ನಾನೇ ಬಿಡ್ತೀನಿ."

"ವಾಚ್ ಎಲ್ಲಿ?"

"ನಮ್ಮ ಹತ್ರ ಎಲ್ಲಿದೆ? ಇನ್ನೂ ಬಂದೇ ಇಲ್ಲ."

ಅಂದುಬಿಟ್ಟ! ಆಮೇಲೆ ತುಟಿ ಕಚ್ಚಿಕೊಂಡ. ಮೈ ಬೆಳೆದ ವೇಗದಲ್ಲಿ ಬುದ್ಧಿ ಬೆಳೆದಿರಲಿಲ್ಲ ಪಾಪ.

ನನ್ನ ಬಲಗೈ ಪಕ್ಕದ ಕಾರ್ಟನ್ನಿನೊಳಗೆ ತಡಕಾಡುತ್ತಿತ್ತು. ಏನೋ ಗಟ್ಟಿಯಾದದ್ದು ಸಿಕ್ಕಿತು. ಮರದ ಕೈ! ವಾಚು ತೊಡಿಸಿ ಗಾಜಿನ ಹಿಂದೆ ನಿಲ್ಲಿಸುತ್ತಾರಲ್ಲ, ಅದು. ಹಿಡಿದೆಳೆದು ಅವನ ಮೊಣಕಾಲ ಚಿಪ್ಪಿಗೆ ಬೀಸಿದೆ. ಇನ್ನೊಂದು ಸಲ. ಕಂಬ ಕುಸಿಯಿತು. ನಾನು ಬಟನ್ ಒತ್ತಿದೆ, ಬಾಗಿಲು ತೆರೆದ ಕೂಡಲೇ ಹೊರಗೆ ಬಿದ್ದೆ, ಎದ್ದೆ, ಓಡಿದೆ.

ಏಟು ತಿನ್ನುವುದು ನನಗೆ ಹೊಸದಲ್ಲ. ಕಳೆದುಹೋದದ್ದನ್ನು ಹುಡುಕಿ ತರುವುದು ನನ್ನ ಕಸುಬು. ಕಾರು, ಒಡವೆ, ಓಡಿಹೋದ ಪಾರ್ಟ್‌ನರು... ಆದರೆ ಅವತ್ತು ಮೈಯೆಲ್ಲ ಉರಿಯುತ್ತಿತ್ತು. ಯಾಕೆಂದರೆ ಈ ಸಲ ಕಳ್ಳಿ ಅನ್ನಿಸಿಕೊಂಡವಳು ನನ್ನ ಅಕ್ಕ!

ಕೇಳಿ, ವಿಷಯ ಹೀಗೆ.

ಅಕ್ಕ ಒಂದು ಕಂಪನಿಯಲ್ಲಿ ವಾಚು ಮಾಡುತ್ತಾಳೆ. ಮಾರುವುದಲ್ಲ, ರಿಪೇರಿ ಅಲ್ಲ. ಕಾಗದದ ಮೇಲೆ ಗೆರೆ ಎಳೆಯುವುದರಿಂದ ಹಿಡಿದು ಕೊನೆಯ ತಿರುಪು ಕೂರಿಸುವವರೆಗೆ ಅವಳದೇ ಕೈ. ಈ ಸಲದ್ದಕ್ಕೆ ವರ್ಷಗಟ್ಟಲೆ ಕಣ್ಣು ಸವೆಸಿದ್ದಳು. ಡಯಲ್ ಮೇಲೆ ನೀಲಿ ಎನಾಮೆಲಿನ ಎರಡು ತೆಳ್ಳನೆಯ ರೆಪ್ಪೆಗಳು. ಅಂಚಿನಲ್ಲಿ ಎರಡು ಚುಕ್ಕೆ ಓಡುತ್ತ ಟೈಮ್ ತೋರಿಸುತ್ತವೆ. ಗಂಟೆಗೊಮ್ಮೆ, ಬರೀ ಒಂದು ಕ್ಷಣ, ರೆಪ್ಪೆ ತೆರೆದು ಒಳಗಿನ ಯಂತ್ರವನ್ನೆಲ್ಲ ತೋರಿಸಿ ಮತ್ತೆ ಮುಚ್ಚಿಕೊಳ್ಳುತ್ತದೆ. ಅಂಥದ್ದು ಇನ್ನೆಲ್ಲೂ ಇರಲಿಲ್ಲ. ವಾಚಿನ ಮೇಳದ ಮೊದಲ ದಿನ, ಬೆಳಗ್ಗೆ ಹನ್ನೊಂದಕ್ಕೆ, ಪತ್ರಿಕೆಯವರ ಮುಂದೆ ಪರದೆ ಸರಿಸಬೇಕಿತ್ತು.

ಬೆಳಗ್ಗೆ ಅಕ್ಕ ಅದಕ್ಕೆ ಕೀ ಕೊಡಲು ಹೋದಳು. ಪಕ್ಕದ ತಿರುಪು ಬೆರಳಲ್ಲಿ ಸುಮ್ಮನೆ ತಿರುಗಿತು. ಒಳಗೆ ಏನೂ ಇಲ್ಲ... ಟೊಳ್ಳು! ಮೇಳಗಳಲ್ಲಿ ಡಮ್ಮಿ ಅಂತ ಇಟ್ಟುಕೊಂಡಿರುತ್ತಾರೆ. ಫೋಟೋ ತೆಗೆಯಲಿಕ್ಕೆ, ದೂರದಿಂದ ತೋರಿಸಲಿಕ್ಕೆ. ಹೊರಗೆ ಅದೇ ವಾಚು, ಒಳಗೆ ಗಾಳಿ. ಯಾರೋ ಅಸಲಿ ತೆಗೆದು ಅದನ್ನು ಇಟ್ಟಿದ್ದರು.

ಗಾಜಿನ ಪೆಟ್ಟಿಗೆಯ ಬೀಗದ ಕೈ ಇದ್ದದ್ದು ಮೂವರ ಹತ್ತಿರ. ಕಂಪನಿಯ ಯಜಮಾನ, ಅಕ್ಕ, ಮತ್ತೆ ಭಾವ. ಭಾವ ಅಂದರೆ ಅಕ್ಕನ ಗಂಡ, ಅದೇ ಕಂಪನಿಯಲ್ಲಿ ಮಾರಾಟದ ಮುಖ್ಯಸ್ಥ.

ಹಿಂದಿನ ದಿನ ಅಕ್ಕ ಯಜಮಾನನ ಜೊತೆ ಜಗಳವಾಡಿದ್ದಳು. ವಾಚಿನ ಬೆನ್ನ ಮೇಲೆ ಅವಳ ಹೆಸರು ಹಾಕುವುದಿಲ್ಲ ಅಂದಿದ್ದ. ಹಾಗಾದರೆ ನನ್ನ ವಾಚು ನನಗೆ ವಾಪಸ್ ಕೊಡಿ ಅಂದಿದ್ದಳು. ಸ್ಟಾಲಿನವರೆಲ್ಲ ಕೇಳಿಸಿಕೊಂಡಿದ್ದರು. ಇನ್ನೇನು ಬೇಕು? ಯಜಮಾನ ಅವಳನ್ನು ಸ್ಟಾಲಿನ ಹಿಂದಿನ ಕೋಣೆಯಲ್ಲಿ ಕೂರಿಸಿದ. ಹನ್ನೊಂದರೊಳಗೆ ವಾಚು ಬರದಿದ್ದರೆ ಪತ್ರಿಕೆಯವರ ಎದುರೇ ಪೊಲೀಸರಿಗೆ ಒಪ್ಪಿಸುತ್ತೇನೆ ಅಂದ. ಹಾಗೇನಾದರೂ ಆದರೆ ಈ ಕಸುಬಿನಲ್ಲಿ ಅವಳ ಕತೆ ಮುಗಿಯಿತು. ವಾಚು ಮಾಡುವವರ ಕೈ ಶುದ್ಧವಿಲ್ಲ ಅಂತ ಒಂದು ಮಾತು ಹುಟ್ಟಿದರೆ ಸಾಕು, ಆಮೇಲೆ ಯಾರೂ ಒಂದು ತಿರುಪನ್ನೂ ಮುಟ್ಟಲು ಬಿಡುವುದಿಲ್ಲ.

ಆಗ ಭಾವ ಏನಂದ ಗೊತ್ತಾ? ನಾನು ಅಲ್ಲೇ ನಿಂತಿದ್ದೆ.

"ಅವಳಿಗೆ ಕೋಪ ಜಾಸ್ತಿ ಸಾರ್. ಏನೋ ತಿಳೀದೆ ಮಾಡಿರ್ತಾಳೆ. ದೊಡ್ಡ ಮನಸ್ಸು ಮಾಡಿ."

ಹೆಂಡತಿಯ ಪರವಾಗಿ ಕ್ಷಮೆ ಕೇಳುತ್ತಿದ್ದ ಮಹಾರಾಯ! ಅವಳು ಮಾಡಿದ್ದಾಳೋ ಇಲ್ಲವೋ ಅಂತ ಒಂದು ಮಾತು ಕೇಳದೆ. ಅಕ್ಕ ತಲೆ ಎತ್ತಿ ಅವನನ್ನೇ ನೋಡಿದಳು. ಅಳಲಿಲ್ಲ. ಅವಳು ಅತ್ತಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ನಾನು ಮೊದಲು ಹೋದದ್ದು ಎದುರು ಸ್ಟಾಲಿಗೆ. ಅದರ ಧಣಿ ಬಿಳಿ ಸೂಟಿನವನು. ಅಕ್ಕನನ್ನು ತನ್ನ ಕಡೆ ಸೆಳೆಯಲು ಎಷ್ಟೋ ಸಲ ನೋಡಿ ಸೋತಿದ್ದವನು. ನಕ್ಕು ಕೈ ಕುಲುಕಿದ. ಮೇಲೆ ಕೂತು ಮಾತಾಡೋಣ ಅಂದ. ಕಂಬನ ಜೊತೆ ಲಿಫ್ಟು ಹತ್ತಿಸಿದ. ಮುಂದಿನದ್ದು ನಿಮಗೆ ಗೊತ್ತು.

ಇನ್ನೂ ಬಂದೇ ಇಲ್ಲ... ಅಂದರೆ ಬರುವುದಿದೆ! ವಾಚು ಇನ್ನೂ ಕಟ್ಟಡದೊಳಗೇ ಇದೆ. ಮತ್ತೆ ನಾನು ಹುಡುಕುತ್ತ ಬರುತ್ತೇನೆ ಅಂತ ಬಿಳಿ ಸೂಟಿಗೆ ಮೊದಲೇ ಸುದ್ದಿ ಮುಟ್ಟಿದೆ. ಮುಟ್ಟಿಸಿದ್ದು ಯಾರು? ಹಿಂದಿನ ಕೋಣೆಯಲ್ಲಿ ನನ್ನನ್ನು ಬಿಟ್ಟರೆ ಇದ್ದದ್ದು ಮೂರೇ ಜನ.

ಒಂದು ಹೆಸರು ತಲೆಗೆ ಬಂತು. ತಳ್ಳಿಹಾಕಿದೆ. ಮತ್ತೆ ಬಂತು.

ಹಿಂದೆ ಬೂಟಿನ ಸದ್ದು. ಕಂಬ ಕುಂಟುತ್ತ ಬರುತ್ತಿದ್ದ. ನಾನು ಜನರ ನಡುವೆ ನುಗ್ಗಿದೆ.

ಆ ಹಾಲ್ ನೀವು ನೋಡಬೇಕಿತ್ತು. ನೆಲಕ್ಕೆಲ್ಲ ದಪ್ಪ ಕಾರ್ಪೆಟ್ಟು, ತಲೆಯ ಮೇಲೆ ದೀಪಗಳು, ಎಲ್ಲೆಲ್ಲೂ ಗಾಜು. ಒಂದು ವಾಚಿಗೆ ಮುಳ್ಳೇ ಇಲ್ಲ. ಒಂದರ ಡಯಲ್ ಆಕಾಶದಿಂದ ಬಿದ್ದ ಕಲ್ಲಂತೆ. ಇನ್ನೊಂದು ಎಷ್ಟು ತೆಳ್ಳಗಿತ್ತು ಅಂದರೆ ಬಾಗಿಲ ಸಂದಿಯಲ್ಲಿ ತೂರಿಸಬಹುದು! ಇವುಗಳ ಮುಂದೆ ಜನ ಉಸಿರು ಬಿಗಿಹಿಡಿದು ನಿಂತಿದ್ದರು. ಅಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಮೊದಲು ಮಣಿಕಟ್ಟು ನೋಡುತ್ತಾರೆ. ಆಮೇಲೆ ನಗಬೇಕೋ ಬೇಡವೋ ಅಂತ ತೀರ್ಮಾನ. ನನ್ನ ಕೈ ಬರಿದು, ನಾನು ವಾಚು ಕಟ್ಟುವುದಿಲ್ಲ. ಹಾಗಾಗಿ ಯಾರೂ ನನ್ನ ಕಡೆ ನೋಡಲಿಲ್ಲ. ಓಡುವವನಿಗೆ ಅದೇ ಅನುಕೂಲ.

ಹೊರಬಾಗಿಲ ಹತ್ತಿರ ಗಾರ್ಡುಗಳು ಹೋಗುವವರ ಚೀಲ ಬಿಚ್ಚಿಸುತ್ತಿದ್ದರು. ಜೇಬು, ಶೂ, ಕೊಡೆ... ಯಾವುದನ್ನೂ ಬಿಡುತ್ತಿರಲಿಲ್ಲ. ಕೈಗೆ ಕಟ್ಟಿದ್ದನ್ನು ಮಾತ್ರ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ವಾಚಿನ ಮೇಳಕ್ಕೆ ವಾಚು ಕಟ್ಟದೆ ಬರುವವರು ನನ್ನಂಥ ಒಬ್ಬಿಬ್ಬರು. ಎಲ್ಲರ ವಾಚನ್ನೂ ಬಿಚ್ಚಿಸುತ್ತ ಕೂತರೆ ಮೇಳ ನಡೆದ ಹಾಗೆಯೇ.

ಕೈಗೆ ಕಟ್ಟಿಕೊಂಡು ಹೋದರೆ ಮುಗಿಯಿತಲ್ಲ!

ನಾನು ತಿರುಗಿ ಅಕ್ಕನ ಸ್ಟಾಲಿಗೆ ಓಡಿದೆ.

ಹಿಂದಿನ ಕೋಣೆಯಲ್ಲಿ ಅಕ್ಕ ಹಾಗೇ ಕೂತಿದ್ದಳು. ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ ಮುಷ್ಟಿಯೊಳಗಿತ್ತು. ಯಜಮಾನ ಫೋನಿನಲ್ಲಿ ಪೊಲೀಸರಿಗೆ ದಾರಿ ಹೇಳುತ್ತಿದ್ದ. ಭಾವ ಅಕ್ಕನ ತಲೆ ನೇವರಿಸಿ, ಒಪ್ಪಿಕೊಂಡುಬಿಡು, ಹಗುರಾಗುತ್ತೆ ಅನ್ನುತ್ತಿದ್ದ.

ಆಗ ನಾನು ಅವನ ಅಂಗಿಯ ಎಡತೋಳು ನೋಡಿದೆ.

ಗುಂಡಿ ಹಾಕಿತ್ತು.

ನಿಮಗೆ ಇದು ದೊಡ್ಡ ವಿಷಯ ಅನ್ನಿಸಲಿಕ್ಕಿಲ್ಲ. ಮದುವೆಗೆ ಅಕ್ಕ ತಾನೇ ಮಾಡಿದ ಒಂದು ವಾಚು ಅವನಿಗೆ ಕೊಟ್ಟಿದ್ದಳು. ಅಂದಿನಿಂದ ಭಾವನ ಎಡತೋಳು ಮಡಚಿಯೇ ಇರುತ್ತಿತ್ತು. ಚಳಿಯಿರಲಿ, ಸಾವಿನ ಮನೆಯಿರಲಿ. ನನ್ನ ಹೆಂಡತಿ ಮಾಡಿದ್ದು ಅಂತ ಕಂಡಕಂಡವರಿಗೆ ತೋರಿಸಿಯೇ ಅರ್ಧ ಮೇಳದ ಪರಿಚಯ ಮಾಡಿಕೊಂಡವನು. ಅಂಥವನು ಇವತ್ತು, ಇಂಥ ದಿನ, ಮಣಿಕಟ್ಟಿನವರೆಗೆ ಬಟ್ಟೆ ಎಳೆದು ಗುಂಡಿ ಹಾಕಿದ್ದಾನೆ!

ನನ್ನ ಮೈಯಲ್ಲಿ ರಕ್ತ ಕುದಿಯಿತು. ಅಲ್ಲೇ ಹಿಡಿದು ತೋಳು ಹರಿಯಬೇಕು ಅನ್ನಿಸಿತು. ತಡೆದುಕೊಂಡೆ. ನಾನು ಮುಟ್ಟಿದರೆ ಕೆಟ್ಟಿತು. ಕಳ್ಳಿಯ ತಮ್ಮನೇ ತಂದು ತೊಡಿಸಿದ ಅಂತಾನೆ. ಯಜಮಾನ ನಂಬುತ್ತಾನೆ. ಆ ವಾಚನ್ನು ಅವನೇ ಬಿಚ್ಚಬೇಕು. ಅವನ ಕೈಯಾರೆ, ಹತ್ತು ಜನರ ಎದುರು.

ಕೌಂಟರಿನಲ್ಲಿ ಬೆಳ್ಳಿಕೂದಲಿನ ಗಿರಾಕಿ ಅಮ್ಮ ಒಬ್ಬರು ಕಲ್ಲಿನ ಡಯಲ್ಲಿನ ವಾಚು ನೋಡಬೇಕು ಅಂತ ಆಗಿನಿಂದ ಕಾಯುತ್ತಿದ್ದರು. ಸುತ್ತ ಕ್ಯಾಮೆರಾ ಹಿಡಿದ ಪತ್ರಿಕೆಯವರು. ನಾನು ಭಾವನ ಹೆಗಲ ಮೇಲೆ ಕೈ ಹಾಕಿ ಹೊರಗೆ ಕರೆತಂದೆ.

"ಭಾವ, ನೀವು ಹೇಳಿದ್ದೇ ಸರಿ," ಅಂದೆ. "ಅಕ್ಕನೇ ತೆಗೆದಿರ್ಬೇಕು. ನಾನೇ ಒಪ್ಪಿಸ್ತೀನಿ ಬಿಡಿ."

ಅವನ ಮುಖ ಅರಳಿದ್ದು ನೋಡಬೇಕಿತ್ತು... ಥೂ!

"ನಿಂಗಾದ್ರೂ ಅರ್ಥ ಆಯ್ತಲ್ಲ ಮಾರಾಯ. ನಾನೆಷ್ಟು ಸಹಿಸ್ಕೊಂಡಿದೀನಿ ಗೊತ್ತಾ?"

"ಹೇಳಿ ಭಾವ, ಹೇಳ್ಕೊಳ್ಳಿ. ಹಂಗೇ ಈ ಅಮ್ಮನಿಗೆ ಆ ಕಲ್ಲಿನ ವಾಚು ತೋರಿಸ್ಬಿಡಿ, ಪಾಪ ಕಾಯ್ತಿದಾರೆ."

ಈ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಗಿರಾಕಿಯ ಮುಂದೆ ಹೊಸ ವಾಚು ಮುಟ್ಟುವ ಮೊದಲು ಮಾರುವವನು ತನ್ನ ಕೈಯ ವಾಚು ಬಿಚ್ಚಿ ಟ್ರೇಯಲ್ಲಿಡಬೇಕು. ಲೋಹಕ್ಕೆ ಲೋಹ ತಾಗಿ ಗೀರು ಬೀಳಬಾರದು ನೋಡಿ. ಕೆಲಸಕ್ಕೆ ಸೇರಿದ ದಿನವೇ ಕಲಿಸುತ್ತಾರೆ. ಮರೆತವರ ಕೈಗೆ ಭಾವನೇ ಫಟ್ಟನೆ ಹೊಡೆಯುತ್ತಿದ್ದ. ಅವನ ಕೈಗಳಿಗೆ ಅದು ಉಸಿರಾಡಿದಷ್ಟು ರೂಢಿ.

ಭಾವ ಮಾತಾಡುತ್ತಲೇ ಇದ್ದ. ಅಕ್ಕ ತನ್ನನ್ನು ಲೆಕ್ಕಕ್ಕೇ ಇಟ್ಟಿಲ್ಲ ಅಂದ. ಜನ ತನ್ನನ್ನು ಅವಳ ಗಂಡ ಅಂತಲೇ ಕರೆಯುತ್ತಾರೆ ಅಂದ. ಎದುರು ಸ್ಟಾಲಿನವರಾದರೆ ಗಂಡಸಿಗೆ ತಕ್ಕ ಕುರ್ಚಿ ಕೊಡುತ್ತಾರೆ ಅಂದ. ನಾನು ಹೂಂಗುಟ್ಟುತ್ತ ಅವನ ಕಣ್ಣನ್ನು ನನ್ನ ಕಣ್ಣಲ್ಲೇ ಹಿಡಿದಿಟ್ಟಿದ್ದೆ. ಕೆಳಗೆ ಅವನ ಬಲಗೈ ತಾನಾಗಿ ಎಡತೋಳಿನ ಗುಂಡಿ ಬಿಚ್ಚಿತು. ಪಟ್ಟಿ ಸಡಿಲಿಸಿತು. ವಾಚು ತೆಗೆದು ಕಪ್ಪು ಮಖಮಲ್ಲಿನ ಟ್ರೇಯ ಮೇಲೆ ಇಟ್ಟಿತು.

ನೀಲಿ ಎನಾಮೆಲು. ಮುಚ್ಚಿದ ಎರಡು ರೆಪ್ಪೆ.

ಭಾವನ ಮಾತು ನಿಂತಿತು. ಕೈ ಟ್ರೇಯ ಕಡೆ ಹಾರಿತು. ನಾನು ಮಣಿಕಟ್ಟು ಹಿಡಿದುಕೊಂಡೆ.

"ಇದು ಡಮ್ಮಿ," ಅಂದ. "ಸುಮ್ನೆ ತೋರ್ಸೋಕೆ ಅಂತ..."

ಹಾಲಿನ ದೊಡ್ಡ ಗಡಿಯಾರ ಹನ್ನೊಂದು ಹೊಡೆಯಿತು. ಟ್ರೇಯ ಮೇಲೆ ಆ ನೀಲಿ ರೆಪ್ಪೆಗಳು ಮೆಲ್ಲಗೆ ತೆರೆದವು. ಒಳಗೆ ಚಿನ್ನದ ಚಕ್ರಗಳು ಓಡುತ್ತಿದ್ದವು. ಬೆಳ್ಳಿಕೂದಲಿನ ಅಮ್ಮ ಅಯ್ಯೋ ಎಷ್ಟು ಚೆಂದ ಅಂದರು. ಕ್ಯಾಮೆರಾಗಳೆಲ್ಲ ಒಟ್ಟಿಗೆ ಮಿಂಚಿದವು. ಅಲ್ಲಿಯವರೆಗೆ ಕುಂಟಿಕೊಂಡು ಬಂದಿದ್ದ ಕಂಬ ಒಂದು ಸಲ ನೋಡಿ ಬಂದ ದಾರಿಯಲ್ಲೇ ತಿರುಗಿದ. ಎದುರು ಸ್ಟಾಲಿನಲ್ಲಿ ಬಿಳಿ ಸೂಟು ಕಾಣಲೇ ಇಲ್ಲ.

ಗಾರ್ಡುಗಳು ಭಾವನನ್ನು ಹಿಡಿದುಕೊಂಡರು. ಯಜಮಾನ ಓಡಿಬಂದು ಅಕ್ಕನ ಎದುರು ಹಲ್ಲುಗಿಂಜಿದ. ತಪ್ಪು ತಿಳಿದೆ ತಾಯಿ, ಮನಸ್ಸಿಗೆ ಹಚ್ಚಿಕೊಳ್ಳಬೇಡ, ಪತ್ರಿಕೆಯವರು ಕಾಯುತ್ತಿದ್ದಾರೆ, ಬೇಗ ಗಾಜಿನ ಪೆಟ್ಟಿಗೆಯೊಳಗೆ ಇಟ್ಟುಬಿಡು ಅಂದ. ಹತ್ತು ನಿಮಿಷದ ಹಿಂದೆ ಕಳ್ಳಿ ಅಂದಿದ್ದ ಅದೇ ಬಾಯಿ!

ಅಕ್ಕ ವಾಚು ಎತ್ತಿಕೊಂಡಳು. ಉಗುರಿನಿಂದ ಪಕ್ಕದ ತಿರುಪನ್ನು ಹೊರಗೆಳೆದಳು. ವಾಚು ನಿಂತಿತು.

"ನನ್ನ ಹೆಸರು ಬರ್ಲಿ. ಆಮೇಲೆ ನಡಿಯತ್ತೆ."

ಯಜಮಾನ ಕ್ಯಾಮೆರಾಗಳ ಕಡೆ ನೋಡಿದ, ಅವಳ ಮುಷ್ಟಿಯ ಕಡೆ ನೋಡಿದ, ಬೆವರು ಒರೆಸಿಕೊಂಡ. ಮೈಕ್ ಹಿಡಿದು ಇದನ್ನು ಮಾಡಿದವರು ಯಾರು ಅಂತ ತಾನೇ ಎಲ್ಲರಿಗೂ ಹೇಳಿದ. ಅಕ್ಕ ತಿರುಪನ್ನು ಒಳಗೆ ಒತ್ತಿದಳು.

ನಾನು ಡಮ್ಮಿಗಳ ಪೆಟ್ಟಿಗೆ ತೆರೆದು ನೋಡಿದೆ. ಡಮ್ಮಿ ತೆಗೆದ ಖಾಲಿ ಗುಳಿಯಲ್ಲಿ ಭಾವನ ಮದುವೆಯ ವಾಚು ಬಿದ್ದಿತ್ತು. ಅಸಲಿ ಕಟ್ಟಿಕೊಳ್ಳಲು ಜಾಗ ಬೇಕಿತ್ತಲ್ಲ, ಇದನ್ನು ಬಿಚ್ಚಿ ಅಲ್ಲಿ ಎಸೆದಿದ್ದ. ಕಿವಿಗೆ ಹಿಡಿದೆ. ನಡೆಯುತ್ತಿತ್ತು.

ಗಾರ್ಡುಗಳ ಕೋಣೆಯಲ್ಲಿ ಭಾವ ಗೋಡೆಗೆ ಒರಗಿ ಕೂತಿದ್ದ. ಪೊಲೀಸರು ಇನ್ನೂ ಬಂದಿರಲಿಲ್ಲ. ನನ್ನ ಕೈಯಲ್ಲಿದ್ದ ವಾಚು ನೋಡಿದ ಕೂಡಲೇ ಕೈ ಚಾಚಿದ.

"ಅದು ನಂದು, ಕೊಡು. ಅವಳೇ ಕೊಟ್ಟಿದ್ದು. ಕೆಟ್ಟು ಗಿಟ್ಟು ಹೋಗಿದ್ಯಾ?"

ನಾನು ಅವತ್ತಿನವರೆಗೆ ಅವನಿಗೆ ಏಕವಚನದಲ್ಲಿ ಮಾತಾಡಿದವನಲ್ಲ. ವಾಚನ್ನು ಜೇಬಿಗೆ ಹಾಕಿಕೊಂಡೆ.

"ಇದಕ್ಕೇನೂ ಆಗಿಲ್ಲ ಕಣೋ," ಅಂದೆ. "ಅಕ್ಕನ ಕೈಗೆ ಬಂದಿದ್ದರಲ್ಲಿ ಕೆಟ್ಟಿದ್ದು ಒಂದೇ. ಅದನ್ನ ರಿಪೇರಿಗೆ ಪೊಲೀಸರು ತಗೊಂಡು ಹೋಗ್ತಾರೆ."