ಉಡದ ಚರ್ಮದ ಜೋಳಿಗೆ

ದೇವರು ಕೊಟ್ಟದ್ದನ್ನು ಜನ ಕಣ್ಣಿಗೊತ್ತಿಕೊಂಡು ಬದುಕುತ್ತಿದ್ದ ಬಹಳ ಹಿಂದಿನ ಕಾಲದಲ್ಲಿ, ಹೂಗಣಿವೆ ಎಂಬ ರಾಜ್ಯವಿತ್ತು. ಅದರ ಅರಸನಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯವಳು ಚಾವಲೆ, ಕಿರಿಯವಳು ನೀಲಬ್ಬೆ.

ಸಂಜೆ ದೀಪ ಹಚ್ಚಿ ನೀಲಬ್ಬೆ ವೀಣೆ ಹಿಡಿದು ದೇವರನಾಮ ಹಾಡಿದರೆ ಅರಸನ ಕಣ್ಣು ತುಂಬುತ್ತಿತ್ತು. “ನನ್ನ ಕಂದ” ಎಂದು ಅವಳ ತಲೆ ನೇವರಿಸುತ್ತಿದ್ದ. ಪಕ್ಕದಲ್ಲಿ ಕುಳಿತ ಚಾವಲೆ ತನ್ನ ತಲೆಯನ್ನೂ ತುಸು ಮುಂದಕ್ಕೆ ಚಾಚುತ್ತಿದ್ದಳು. ಅರಸನ ಕೈ ಅಲ್ಲಿಯವರೆಗೆ ಬರುತ್ತಿರಲಿಲ್ಲ. ಅವಳಿಗೆ ಅನ್ನ ಸೇರದು, ನಿದ್ದೆ ಹತ್ತದು.

ರಾಜ್ಯದ ಗಡಿಯ ಗವಿಯಲ್ಲಿ ಬಾಚಿಗನೆಂಬ ಮಾಂತ್ರಿಕನಿದ್ದ. ಅವನು ದೊಡ್ಡದೊಂದು ಉಡವನ್ನು ಮಂತ್ರ ಹಾಕಿ ಜೋಳಿಗೆ ಮಾಡಿಕೊಂಡಿದ್ದ. ಉಡ ಹಿಡಿದದ್ದನ್ನು ಬಿಡುವುದುಂಟೇ? ಬಾಚಿಗ ಹೆಸರು ಹೇಳಿ “ಬಾ” ಎಂದರೆ ಸಾಕು, ಯಾವ ವಸ್ತುವಾದರೂ ಜೋಳಿಗೆಯೊಳಗೆ!

ಚಾವಲೆ ಅವನ ಬಳಿಗೆ ಹೋದಳು.

“ನನ್ನ ತಂಗಿಯ ಹತ್ತಿರ ಇರುವುದನ್ನೆಲ್ಲ ತೆಗೆದುಬಿಡು.”

“ಎಲ್ಲ ಅಂದರೆ ಹೇಗೆ ತಾಯಿ? ಹೆಸರು ಹೇಳು.”

“ಅವಳ ಗೆಜ್ಜೆ.”

ಗೆಜ್ಜೆ ಬಂತು. ನೀಲಬ್ಬೆ ಬರಿಗಾಲಲ್ಲೇ ಓಡಾಡಿದಳು. ಅರಸ ತಲೆ ನೇವರಿಸಿದ.

ಚಾವಲೆ ಮತ್ತೆ ಹೋದಳು. “ಅವಳ ವೀಣೆ.”

ವೀಣೆ ಬಂತು. ನೀಲಬ್ಬೆ ಬರಿಗಂಟಲಲ್ಲೇ ಹಾಡಿದಳು. ಅರಸ ಅವಳನ್ನು ಇನ್ನೂ ಹತ್ತಿರ ಕೂರಿಸಿಕೊಂಡ.

ಚಾವಲೆ ಉರಿಯುತ್ತ ಓಡಿಬಂದಳು. “ಅಪ್ಪನ ಅಕ್ಕರೆಯನ್ನೇ ತಾ!”

“ಅಕ್ಕರೆಯೇ? ಅಂಥದೊಂದು ಎಲ್ಲೂ ಇಲ್ಲ. ನಿನ್ನ ನಾಲಿಗೆ ತೊದಲಿತು. ಸಕ್ಕರೆ, ಬಾ!” ಅರಮನೆಯ ಸಕ್ಕರೆ ಡಬರಿ ದಡಕ್ಕನೆ ಬಂದು ಬಿತ್ತು.

“ಹಾಗಾದರೆ ಅವಳನ್ನೇ ಹಾಕಿಕೋ!” ಎಂದುಬಿಟ್ಟಳು ಚಾವಲೆ.

ಅಂದು ಸಂಜೆ ಅರಮನೆಯಲ್ಲಿ ನೀಲಬ್ಬೆಯಿಲ್ಲ, ಹಾಡಿಲ್ಲ. ಚಾವಲೆ ಅಪ್ಪನ ಪಕ್ಕ ಕುಳಿತು ತಲೆ ಚಾಚಿದಳು. ಅರಸನ ಕೈ ಮೇಲೇಳಲಿಲ್ಲ. ಚಾವಲೆ ದೇವರ ಮುಂದೆ ಅತ್ತು, ಗವಿಗೆ ಓಡಿದಳು.

“ನನ್ನ ತಂಗಿಯನ್ನು ಕೊಡು!”

“ಹಾಕು ಅನ್ನುವವಳೂ ನೀನೇ, ಕೊಡು ಅನ್ನುವವಳೂ ನೀನೇ!” ಬಾಚಿಗ ನಕ್ಕ. “ನನ್ನ ಜೋಳಿಗೆ ಹಿಡಿಯಲಾರದ ಹೆಸರೊಂದನ್ನು ಹೇಳು. ಮೂರು ಅವಕಾಶ ಕೊಡುತ್ತೇನೆ. ಗೆದ್ದರೆ ಎಲ್ಲ ನಿನ್ನದು, ಸೋತರೆ ನೀನೂ ಒಳಗೆ.”

ಚಾವಲೆ ಆಚೆ ನೋಡಿದಳು. “ಆ ಬೆಟ್ಟ.”

“ಬೆಟ್ಟ, ಬಾ!” ಬೆಟ್ಟ ತಂಬಿಟ್ಟಿನ ಉಂಡೆಯಷ್ಟಾಗಿ ಒಳಗೆ ಉರುಳಿತು.

ಕಣ್ಣಿಗೆ ಕಾಣದ್ದನ್ನು ಹೇಳೋಣ ಎಂದುಕೊಂಡಳು. “ಗಾಳಿ.”

“ಕಾಣದಿದ್ದರೇನು, ಮೈಗೆ ತಾಕುವುದಿಲ್ಲವೇ? ಗಾಳಿ, ಬಾ!” ಗಾಳಿಯೂ ಒಳಗೆ.

ಉಳಿದದ್ದು ಒಂದೇ ಅವಕಾಶ. ದೇವರು ಎನ್ನಬಹುದಿತ್ತು. ಆದರೆ ದೇವರ ಹೆಸರನ್ನು ಪಂದ್ಯಕ್ಕೆ ಒಡ್ಡಲು ಅವಳಿಗೆ ಮನಸ್ಸು ಬರಲಿಲ್ಲ. ಕಣ್ಣು ಮುಚ್ಚಿದಳು. “ಸ್ವಾಮಿ, ನನ್ನೊಳಗೆ ಏನಿದೆ, ನೀನೇ ತೋರಿಸು.”

ಒಳಗೊಂದು ಇತ್ತು. ಅದಕ್ಕೆ ಆಕಾರವಿಲ್ಲ, ತೂಕವಿಲ್ಲ, ಮುಟ್ಟಹೋದರೆ ಬೆರಳಿಗೆ ಸಿಗದು. ಆದರೂ ಅವಳನ್ನು ಈ ಗವಿಯವರೆಗೆ ದರದರ ಎಳೆದು ತಂದದ್ದು ಅದೇ. ನಾಚಿಕೆಯಿಂದ ತಲೆ ತಗ್ಗಿಸಿ ಹೇಳಿದಳು:

“ಹೊಟ್ಟೆಕಿಚ್ಚು.”

“ಇಷ್ಟೇನಾ!” ಬಾಚಿಗ ತೊಡೆ ತಟ್ಟಿದ. “ಹೊಟ್ಟೆ ಗೊತ್ತು, ಕಿಚ್ಚು ಗೊತ್ತು. ಹೊಟ್ಟೆ, ಬಾ! ಕಿಚ್ಚು, ಬಾ!”

ಒಣಗಿದ ಚರ್ಮಕ್ಕೆ ಹೊಟ್ಟೆ ಬಂತು. ಹೊಟ್ಟೆಯ ಹಿಂದೆಯೇ ಕಾಲು ಬಂತು, ಬಾಲ ಬಂತು. ಜೋಳಿಗೆ ಮತ್ತೆ ಜೀವಂತ ಉಡವಾಯಿತು. ಅಷ್ಟರಲ್ಲಿ ಆ ಹೊಟ್ಟೆಗೆ ಕಿಚ್ಚು ಬಿತ್ತು. ಉಡ ಬಾಯಿ ತೆರೆಯಿತು! ಗಾಳಿ ಹೊರಬಂತು, ಬೆಟ್ಟ ಹೊರಬಂತು, ಗೆಜ್ಜೆ, ವೀಣೆ, ಸಕ್ಕರೆ ಡಬರಿ, ಕೊನೆಗೆ ಕೆಮ್ಮುತ್ತ ನೀಲಬ್ಬೆ. ಉರಿ ತಾಳದೆ ಉಡ ಗವಿಯ ಮುಂದಿನ ಹೊಳೆಯತ್ತ ನುಗ್ಗಿತು. ಬಾಚಿಗನ ಕೈಯಲ್ಲಿ ಅದರ ಬಾಲ.

“ಬಿಡೋ, ಬಾಲ ಬಿಡು!” ಚಾವಲೆ ಕೂಗಿದಳು. ಅವನಿಗೆ ‘ಬಾ’ ಎನ್ನುವುದು ಗೊತ್ತಿತ್ತು, ಬಿಡುವುದು ಗೊತ್ತಿರಲಿಲ್ಲ. ಮಡುವಿನಲ್ಲಿ ಮುಳುಗಿದವನು ಮೇಲೇಳಲಿಲ್ಲ. ಉಡ ಮಾತ್ರ ಆಚೆ ದಡಕ್ಕೆ ಹತ್ತಿ ಕಾಡು ಸೇರಿತು.

“ನಿನ್ನನ್ನು ಒಳಗೆ ಹಾಕಿಸಿದವಳು ನಾನೇ ಕಣೆ” ಎಂದಳು ಚಾವಲೆ.

“ಗೊತ್ತು. ನಿನ್ನ ಮಾತು ಒಳಗೆ ಕೇಳಿಸಿತು.” ನೀಲಬ್ಬೆ ಬಿದ್ದ ವೀಣೆಯನ್ನು ಎತ್ತಿಕೊಂಡಳು. “ಅಕ್ಕಾ, ರಾಜ್ಯದ ಮಾತನ್ನೆಲ್ಲ ಅಪ್ಪ ನಿನ್ನ ಹತ್ತಿರವೇ ಆಡುತ್ತಾನೆ. ನನಗೆ ‘ಹಾಡು ಮಗಳೇ’, ಅಷ್ಟೇ. ನನಗೇನು ಉರಿಯುತ್ತಿರಲಿಲ್ಲ ಅಂದುಕೊಂಡೆಯಾ?”

ಇಬ್ಬರೂ ಅಳುತ್ತ ನಕ್ಕರು. ಮನೆಗೆ ಬಂದಾಗ ಚಾವಲೆ ತಲೆ ಚಾಚಲಿಲ್ಲ, ಬಾಯಿಬಿಟ್ಟು ಕೇಳಿದಳು: “ಅಪ್ಪಾ, ನನ್ನ ತಲೆಯನ್ನೂ ನೇವರಿಸು.” ಅರಸ ಬೆಚ್ಚಿ, ಎರಡೂ ಕೈಯಿಂದ ಇಬ್ಬರನ್ನೂ ಅಪ್ಪಿಕೊಂಡ.

ಆ ರಾಜ್ಯದ ಮಕ್ಕಳು ಈಗಲೂ ಒಂದು ಆಟ ಆಡುತ್ತಾರೆ. ಒಬ್ಬರು ಹೆಸರು ಹೇಳಿದರೆ ಉಳಿದವರು “ಜೋಳಿಗೆಗೋ, ಮನಸ್ಸಿಗೋ?” ಎನ್ನಬೇಕು. ಬೆಲ್ಲ ಜೋಳಿಗೆಗೆ, ಗಾಳಿ ಜೋಳಿಗೆಗೆ, ಅಕ್ಕರೆ ಮನಸ್ಸಿಗೆ. ಅರಮನೆಯಲ್ಲಿ ಸಂಜೆ ದೀಪ ಹಚ್ಚಿದರೆ ಎರಡು ದನಿಯ ಹಾಡು ಕೇಳುತ್ತದಂತೆ. ದೇವರ ದಯೆಯಿಂದ ನಮ್ಮ ಮನೆಯಲ್ಲೂ ಕಿಚ್ಚು ದೀಪದಲ್ಲಿರಲಿ, ಹೊಟ್ಟೆಯಲ್ಲಿ ಬೇಡ.